ನಿಮ್ಮ ಲ್ಯಾಗ್ ನಿಮಗೆ ಕಾಣಲ್ಲ: ಆನ್‌ಲೈನ್ ರೇಸಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೇಲಿ ಕಂಪ್ಯೂಟರ್ ರೇಸಿಂಗ್ ಗೇಮಿಗೆ ಬೇಕಾದ ಸ್ಟೀರಿಂಗ್ ವೀಲು, ಪೆಡಲ್ಲು ಅಲ್ಲಾಡದ ಹಾಗೆ ಟೇಬಲ್ಲಿಗೆ ಕೂರಿಸೋದು ಹೇಗೆ ಅಂತ ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರಗಳಲ್ಲಿ ವೀಲ್ ಬಗ್ಗೆ ಕೇಳಿದವರು ಕಮ್ಮಿ, "ಒಬ್ನೇ ಓಡಿಸ್ವಾಗ ಎಲ್ಲಾ ಚೆನ್ನಾಗಿರುತ್ತೆ, ಆನ್‌ಲೈನ್ ಹೋದ ತಕ್ಷಣ ಕಾರುಗಳು ಹಾರ್ತವೆ, ಮಾಯ ಆಗ್ತವೆ, ಮುಟ್ಟದೇ ಇದ್ರೂ ಗುದ್ದಿದ ಹಾಗಾಗುತ್ತೆ" ಅಂತ ಬರೆದವರೇ ಜಾಸ್ತಿ. ಇಂಟರ್ನೆಟ್ಟಲ್ಲಿ ಮಾಹಿತಿ ತಡ ಆಗಿ ಆಗೋ ಈ ಕಾಟಕ್ಕೆ ಲ್ಯಾಗ್ ಅಂತಾರೆ, ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಬರೆದವರಲ್ಲಿ ಹೆಚ್ಚಿನವರು ಅಸೆಟ್ಟೊ ಕೊರ್ಸಾ ಆಡೋರು, ಇಟಲಿಯ ಕುನೋಸ್ ಸಿಮುಲಾಜಿಯೋನಿ ಮಾಡಿದ್ದು, 2014ರಲ್ಲಿ ಬಂದ ಗೇಮ್ ಆದ್ರೂ ಇವತ್ತಿಗೂ ಸಾಧಾರಣ ಕಂಪ್ಯೂಟರಲ್ಲೂ ಓಡುತ್ತೆ ಅಂತ ಜನ ಬಿಟ್ಟಿಲ್ಲ, ಅದಕ್ಕೇ ಉದಾಹರಣೆ ಎಲ್ಲಾ ಅದರದ್ದೇ ಕೊಡ್ತೀನಿ, ಬೇರೆ ರೇಸಿಂಗ್ ಸಿಮ್ಯುಲೇಟರ್ ಗೇಮುಗಳಲ್ಲೂ ಒಳಗಿನ ವಿಷಯ ಇದೇ.

ಪ್ರಶ್ನೆ: ಸರ್, ನಮ್ಮನೇಲಿ 100 ಎಂಬಿಪಿಎಸ್ ಫೈಬರ್ ಇದೆ, ಸ್ಪೀಡ್ ಟೆಸ್ಟ್ ಮಾಡಿದ್ರೆ 95 ತೋರಿಸುತ್ತೆ. ಆದ್ರೂ ರೇಸ್‌ನಲ್ಲಿ ಎಲ್ಲರೂ ಚಾಟಲ್ಲಿ ನನಗೇ "ಲ್ಯಾಗ್ ಲ್ಯಾಗ್" ಅಂತ ಬೈತಾರೆ. ನನ್ನ ಸ್ಕ್ರೀನಲ್ಲಿ ನನ್ನ ಕಾರು ಬೆಣ್ಣೆ ಹಾಗೆ ಹೋಗ್ತಿರುತ್ತೆ. 200ರ ಪ್ಲಾನ್ ಹಾಕಿಸ್ಲಾ? ರೂಟರ್ ಕೆಳಗೆ ಹಾಲ್‌ನಲ್ಲಿದೆ, ನನ್ನ ಕಂಪ್ಯೂಟರ್ ಮೇಲಿನ ರೂಮಲ್ಲಿ. (ವಿದ್ಯಾರ್ಥಿ, ಹಾಸನ)

ಉತ್ತರ: ಹಾಕಿಸ್ಬೇಡಿ, ದುಡ್ಡು ದಂಡ. ನಿಮ್ಮ ಪತ್ರದ ಕೊನೇ ಸಾಲಲ್ಲೇ ಉತ್ತರ ಇದೆ ಅಂತ ನನಗನ್ಸುತ್ತೆ, ಆದ್ರೆ ಅದಕ್ಕೆ ಮೊದ್ಲು ಒಂದು ವಿಷಯ ಹೇಳ್ಬೇಕು, ಯಾಕಂದ್ರೆ ಇದು ಗೊತ್ತಾದ್ರೆ ಉಳಿದ ಎಲ್ಲಾ ಪ್ರಶ್ನೆಗೂ ದಾರಿ ಸಿಗುತ್ತೆ.

ನಿಮ್ಮ ಕಾರಿನ ಲೆಕ್ಕ ಎಲ್ಲಾ ಆಗೋದು ನಿಮ್ಮ ಕಂಪ್ಯೂಟರಲ್ಲೇ. ಅಸೆಟ್ಟೊ ಕೊರ್ಸಾದಲ್ಲಿ ಟೈರು, ಸಸ್ಪೆನ್ಷನ್ನು, ಇಂಜಿನ್ನು ಎಲ್ಲದರ ಲೆಕ್ಕ ಸೆಕೆಂಡಿಗೆ 333 ಸಲ ಆಗುತ್ತೆ. ಅದಕ್ಕೇ ಇಂಟರ್ನೆಟ್ ಎಷ್ಟೇ ಕೆಟ್ಟಿದ್ರೂ ನಿಮ್ಮ ಕಾರು ನಿಮಗೆ ಬೆಣ್ಣೆ ಹಾಗೇ ಕಾಣುತ್ತೆ. ಆದ್ರೆ ಬೇರೆಯವರಿಗೆ ಹೋಗೋದು ಆ 333 ಅಲ್ಲ, "ನಾನು ಇಲ್ಲಿದ್ದೀನಿ, ಈ ಕಡೆ ಇಷ್ಟು ವೇಗದಲ್ಲಿ ಹೋಗ್ತಿದ್ದೀನಿ" ಅನ್ನೋ ಸಣ್ಣ ಸುದ್ದಿ, ಅದು ಸರ್ವರ್‌ನ (ಎಲ್ಲರ ಸುದ್ದಿ ಒಟ್ಟು ಮಾಡಿ ಹಂಚೋ ಕಂಪ್ಯೂಟರ್) ಮಾಮೂಲಿ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 18 ಸಲ. ಗಂಟೆಗೆ 180 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 50 ಮೀಟರ್, ಹಾಗಾಗಿ ಒಂದು ಸುದ್ದಿಗೂ ಇನ್ನೊಂದು ಸುದ್ದಿಗೂ ನಡುವೆ ನಿಮ್ಮ ಕಾರು ಹತ್ತಿರ ಹತ್ತಿರ 2.8 ಮೀಟರ್ ಮುಂದೆ ಹೋಗಿರುತ್ತೆ. ಆ ನಡುವಿನ ಜಾಗನ ಬೇರೆಯವರ ಗೇಮು ಊಹೆ ಮೇಲೆ ತುಂಬ್ಸುತ್ತೆ. ಸುದ್ದಿ ಒಂದೇ ಸಮ ಬರ್ತಾ ಇದ್ರೆ ಊಹೆ ಸರಿಯಾಗೇ ಇರುತ್ತೆ, ಕಾರು ನಯವಾಗಿ ಓಡುತ್ತೆ. ನಾಲ್ಕೈದು ಸುದ್ದಿ ತಪ್ಪಿ ಆಮೇಲೆ ಒಟ್ಟಿಗೆ ಬಂದ್ರೆ, ಊಹೆಯಲ್ಲಿ ಎಲ್ಲೋ ಹೋಗಿದ್ದ ಕಾರನ್ನ ಎಳೆದು ಸರಿಯಾದ ಜಾಗಕ್ಕೆ ಕೂರಿಸ್ಬೇಕಾಗುತ್ತೆ, ಅದೇ ಜನ ನೋಡೋ "ಹಾರಾಟ". ನಿಮ್ಮ ಲ್ಯಾಗ್ ನಿಮಗೆ ಕಾಣಲ್ಲ, ಟ್ರ್ಯಾಕ್ ಮೇಲಿರೋ ಉಳಿದವರಿಗೆಲ್ಲಾ ಕಾಣುತ್ತೆ. ನಿಮಗೆ ಬೇರೆಯವರ ಕಾರು ಹಾರಿದ ಹಾಗೆ ಕಾಣೋದು ಎರಡು ಕಾರಣಕ್ಕೆ, ಒಬ್ಬರದ್ದು ಮಾತ್ರ ಹಾರಿದ್ರೆ ತೊಂದರೆ ಅವರ ಕಡೆ, ಎಲ್ಲರದ್ದೂ ಒಟ್ಟಿಗೆ ಹಾರಿದ್ರೆ ತೊಂದರೆ ನಿಮ್ಮ ಕಡೆ ಅಥವಾ ಸರ್ವರ್‌ದು.

ಈ ಸುದ್ದಿಗಳಿಗೆ 100 ಎಂಬಿಪಿಎಸ್ ಬೇಕಾಗೇ ಇಲ್ಲ, ಒಂದು ಎಂಬಿಪಿಎಸ್ಸೇ ಧಾರಾಳ. ಬೇಕಿರೋದು ಸಮ. ಸುದ್ದಿ ಸರ್ವರ್‌ಗೆ ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತೆ ಅನ್ನೋದಕ್ಕೆ ಪಿಂಗ್ ಅಂತಾರೆ. ಅದು 60 ಇದ್ದು 60ರಲ್ಲೇ ನಿಂತಿದ್ರೆ ಅದು ಒಳ್ಳೇ ಲೈನು, 15 ಇದ್ದು ಆಗಾಗ 200ಕ್ಕೆ ಜಿಗಿದ್ರೆ ಕೆಟ್ಟ ಲೈನು. ಈ ಏರಿಳಿತಕ್ಕೆ ಜಿಟ್ಟರ್ ಅಂತಾರೆ. ಸ್ಪೀಡ್ ಟೆಸ್ಟ್‌ನ ದೊಡ್ಡಕ್ಷರದಲ್ಲಿ ಕಾಣೋ 95ರಲ್ಲಿ ಇದು ಗೊತ್ತಾಗಲ್ಲ.

ಈಗ್ಲೇ ಒಂದು ಕೆಲ್ಸ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಕಮಾಂಡ್ ಟೈಪ್ ಮಾಡಿ, ಅದರ ಮುಂದೆ ನಿಮ್ಮ ರೂಟರ್ ನಂಬರ್ ಹಾಕಿ, ಬಹಳ ಮನೆಗಳಲ್ಲಿ 192.168.1.1 ಇರುತ್ತೆ, ಕೊನೇಲಿ ಮೈನಸ್ ಗುರುತು ಹಾಕಿ ಇಂಗ್ಲಿಷಿನ ಟಿ ಅಕ್ಷರ ಕೊಡಿ, ಐದು ನಿಮಿಷ ಓಡೋಕೆ ಬಿಡಿ. ಇದು ಇಂಟರ್ನೆಟ್ಟಿಗೆ ಹೋಗೋದೇ ಇಲ್ಲ, ನಿಮ್ಮ ರೂಮಿಂದ ಹಾಲ್‌ಗೆ ಹೋಗಿ ಬರುತ್ತೆ ಅಷ್ಟೇ. ಕೇಬಲ್‌ನಲ್ಲಿ ಆದ್ರೆ ಎಲ್ಲಾ ಸಾಲೂ 1, 1, 1 ಅಂತ ಇರ್ಬೇಕು. ನಿಮಗೆ 3, 2, 3, 187, 4, 2, 96 ಈ ಥರ ಕಂಡ್ರೆ ಕಾಯಿಲೆ ಮನೆ ಒಳಗೇ ಇದೆ, ಇಂಟರ್ನೆಟ್ ಕಂಪನಿಯವರನ್ನ ಬೈದು ಪ್ರಯೋಜನ ಇಲ್ಲ. ವೈಫೈ ಅಂದ್ರೆ ಒಬ್ಬರು ಮಾತಾಡ್ವಾಗ ಇನ್ನೊಬ್ಬರು ಸುಮ್ನಿರ್ಬೇಕು, ಅಮ್ಮನ ಫೋನು, ಟಿವಿ, ಪಕ್ಕದ ಮನೆ ರೂಟರ್ರು ಎಲ್ಲಾ ಒಂದೇ ಗಾಳಿಯಲ್ಲಿ ಸರದಿ ಕಾಯ್ತಾವೆ, ಗೋಡೆ, ಮೋಲ್ಡಿಂಗ್ ದಾಟ್ವಾಗ ಸಿಗ್ನಲ್ ತಪ್ಪಿದ್ರೆ ಮತ್ತೆ ಕಳಿಸ್ಬೇಕು. ವಿಡಿಯೋ ನೋಡೋಕೆ ಇದ್ಯಾವ್ದೂ ಗೊತ್ತಾಗಲ್ಲ ಯಾಕಂದ್ರೆ ವಿಡಿಯೋ ಮುಂಚೇನೇ ಸ್ವಲ್ಪ ತುಂಬ್ಸಿ ಇಟ್ಕೊಂಡಿರುತ್ತೆ. ರೇಸ್‌ನಲ್ಲಿ ಮುಂಚೆ ತುಂಬ್ಸಿ ಇಡೋಕೆ ಏನಿದೆ, ನೀವು ಇನ್ನೂ ಬ್ರೇಕೇ ಒತ್ತಿಲ್ಲ.

ಹಾಗಾಗಿ ಎಲೆಕ್ಟ್ರಿಕಲ್ ಅಂಗಡಿಯಿಂದ ಅಥವಾ ಕಂಪ್ಯೂಟರ್ ಅಂಗಡಿಯಿಂದ ಬೇಕಾದಷ್ಟು ಉದ್ದದ ಲ್ಯಾನ್ ಕೇಬಲ್ ತಂದು ಎಳೀರಿ. ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಗಿಗಾಬಿಟ್ ಹೋಗುತ್ತೆ. ಮೆಟ್ಟಿಲ ಪಕ್ಕ ಕ್ಲಿಪ್ ಹೊಡೆದು ತಂದ್ರೆ ಮನೆಯವರೂ ಬೈಯಲ್ಲ. ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗೇ ಇಲ್ಲ ಅಂದ್ರೆ ಮಾತ್ರ 5 ಗಿಗಾಹರ್ಟ್ಸ್ ವೈಫೈ ಹಾಕಿ ರೂಟರ್‌ನ ಕಣ್ಣಿಗೆ ಕಾಣೋ ಜಾಗಕ್ಕೆ ತನ್ನಿ, 2.4ರಲ್ಲಿ ಅಪಾರ್ಟ್‌ಮೆಂಟ್ ಆಗಿದ್ರೆ ಗತಿ ಇಲ್ಲ, ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರೋದೇ ಮೂರು, 1, 6, 11.

ಪ್ರಶ್ನೆ: ನಮಸ್ಕಾರ್ರಿ. ನಾ ಮೊದ್ಲಿಂದನೂ ಕೇಬಲ್ಲೇ ಹಾಕೇನಿ, ಬೆಳಿಗ್ಗಿ ಆಡಿದ್ರ ಪಿಂಗ್ ಭಾಳ ಚಲೋ ಐತಿ, ರಾತ್ರಿ ಎಂಟರ ಮ್ಯಾಲ ಕುಂತ್ರ ನಡುನಡುವ ಒಂದ್ ಹತ್ತು ಸೆಕೆಂಡ್ ಎಲ್ಲಾ ಗಾಡಿ ಎಳದಾಡ್ತಾವ, ಮತ್ತ ತಾನ ಸರಿ ಆಗ್ತೈತಿ. ಇದ್ಕ ಏನ್ ಮಾಡ್ಬೇಕ್ರಿ? (ಓದುಗರು, ಧಾರವಾಡ)

ಉತ್ತರ: ಹತ್ತು ಸೆಕೆಂಡ್ ಬಂದು ತಾನೇ ಹೋಗುತ್ತೆ ಅಂದ್ರೆ ಮನೇಲಿ ಯಾರೋ ಏನೋ ಮೇಲಕ್ಕೆ ಕಳಿಸ್ತಿದ್ದಾರೆ. ಡೌನ್‌ಲೋಡ್‌ಗಿಂತ ಅಪ್‌ಲೋಡ್ ಮೇಲೆ ಕಣ್ಣಿಡಿ. ಸಂಜೆ ಮನೆಗೆ ಬಂದವರ ಫೋನು ವೈಫೈ ಸಿಕ್ಕ ತಕ್ಷಣ ದಿನದ ಫೋಟೋ, ವಿಡಿಯೋ ಎಲ್ಲಾ ಬ್ಯಾಕಪ್ ಹಾಕೋಕೆ ಶುರು ಮಾಡುತ್ತೆ. ಇನ್ನೊಂದು ಬಹಳ ಜನ ಮರೆಯೋದು ಅಂದ್ರೆ ಗೇಟಿನ ಮೇಲಿರೋ ಸಿಸಿಟಿವಿ, ಎದುರು ಯಾರಾದ್ರೂ ಓಡಾಡಿದಾಗೆಲ್ಲಾ ಹತ್ತು ಸೆಕೆಂಡಿನ ತುಣುಕು ಕ್ಲೌಡ್‌ಗೆ ಹೋಗುತ್ತೆ ಅಂತ ಇಟ್ಟಿದ್ರೆ, ನೀವು ಹೇಳಿದ ಲಕ್ಷಣ ಕರೆಕ್ಟಾಗಿ ಅದಕ್ಕೇ ಹೊಂದುತ್ತೆ. ವಿಂಡೋಸ್ ಕೂಡ ತಾನು ಇಳಿಸ್ಕೊಂಡ ಅಪ್‌ಡೇಟ್‌ನ ಬೇರೆ ಕಂಪ್ಯೂಟರ್‌ಗಳಿಗೆ ಹಂಚೋ ಸೌಲಭ್ಯ ಇಟ್ಕೊಂಡಿದೆ, ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಡೆಲಿವರಿ ಆಪ್ಟಿಮೈಸೇಷನ್ ಅಂತ ಇರುತ್ತೆ, ಅದನ್ನ ಆಫ್ ಮಾಡಿ.

ಇದ್ಯಾಕೆ ಪಿಂಗ್ ಏರಿಸುತ್ತೆ ಅಂದ್ರೆ, ರೇಷನ್ ಅಂಗಡಿ ಕ್ಯೂ ನೆನಪಿಸ್ಕೊಳ್ಳಿ. ಒಂದೇ ತಕ್ಕಡಿ, ಮುಂದೆ ನಿಂತವರೆಲ್ಲಾ ಮೂಟೆ ಮೂಟೆ ಅಕ್ಕಿ ತೂಗಿಸ್ಕೊಳ್ತಿದ್ದಾರೆ, ನಿಮಗೆ ಬೇಕಿರೋದು ಒಂದು ಹೆಬ್ಬೆಟ್ಟು ಒತ್ತಿ ಹೋಗೋದು ಮಾತ್ರ, ಆದ್ರೂ ಅವರ ಹಿಂದೇನೇ ನಿಲ್ಬೇಕು. ರೂಟರ್‌ನಲ್ಲಿ ಕ್ಯೂ ಉದ್ದ ಬೆಳೆಯೋಕೆ ಬಿಟ್ಟಿರೋದೇ ತಪ್ಪು, ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರು. ಪರಿಹಾರ ಎಸ್‌ಕ್ಯೂಎಂ ಅನ್ನೋ ವ್ಯವಸ್ಥೆ, ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿದ ರೂಟರ್‌ಗಳಲ್ಲಿ ಕೇಕ್ ಅನ್ನೋ ಹೆಸರಲ್ಲಿ ಸಿಗುತ್ತೆ, ಸಣ್ಣ ಸುದ್ದಿಯವರನ್ನ ಮೂಟೆಯವರ ಹಿಂದೆ ನಿಲ್ಲಿಸಲ್ಲ. ಅದರಲ್ಲಿ ಅಪ್‌ಲೋಡ್, ಡೌನ್‌ಲೋಡ್ ಎರಡನ್ನೂ ನಿಮಗೆ ನಿಜವಾಗಿ ಸಿಗೋ ವೇಗದ 85ರಿಂದ 90 ಪರ್ಸೆಂಟಿಗೆ ಕಟ್ಟಬೇಕು, ಪೂರ್ತಿ 100 ಕೊಟ್ರೆ ಕ್ಯೂ ಮತ್ತೆ ಆಚೆ ಕಂಪನಿಯವರ ಡಬ್ಬಿಯಲ್ಲಿ ಬೆಳೆಯುತ್ತೆ, ಅದು ನಿಮ್ಮ ಕೈಲಿಲ್ಲ. ಅಷ್ಟೆಲ್ಲಾ ಬೇಡ ಅಂದ್ರೆ ಫೋನ್ ಬ್ಯಾಕಪ್ ಮಲಗೋ ಹೊತ್ತಿಗೆ ಇಡಿ, ಕ್ಯಾಮೆರಾದ ರೆಕಾರ್ಡಿಂಗ್ ಮೆಮರಿ ಕಾರ್ಡ್‌ಗೆ ಹೋಗೋ ಹಾಗೆ ಮಾಡಿ.

ಇದ್ಯಾವ್ದೂ ಅಲ್ಲ, ಮನೇಲಿ ಎಲ್ಲಾ ಆಫ್ ಮಾಡಿದ್ರೂ ರಾತ್ರಿ ಎಂಟರಿಂದ ಹತ್ತರವರೆಗೆ ಪಿಂಗ್ ಏರಿಯೇ ಇರುತ್ತೆ ಅಂದ್ರೆ ಆಗ ಕಂಪನಿ ಕಡೆ ಇಕ್ಕಟ್ಟು, ಒಂದು ವಾರ ಬೆಳಿಗ್ಗೆ ರಾತ್ರಿ ಎರಡೂ ಹೊತ್ತಿನ ಪಿಂಗ್ ಸ್ಕ್ರೀನ್‌ಶಾಟ್ ತೆಗೆದಿಟ್ಟು ಅವರಿಗೆ ಕೊಡಿ. "ನೆಟ್ ಸ್ಲೋ ಇದೆ" ಅಂತ ಫೋನ್ ಮಾಡಿದ್ರೆ ಸ್ಪೀಡ್ ಟೆಸ್ಟ್ ಮಾಡಿಸಿ ದೂರು ಮುಚ್ತಾರೆ, ಟೈಮ್ ಸಮೇತ ಅಂಕಿ ಕೊಟ್ರೆ ಕೇಳ್ತಾರೆ.

ಪ್ರಶ್ನೆ: ಡಿಎನ್‌ಎಸ್ ಬದಲಾಯಿಸಿದ್ರೆ ಪಿಂಗ್ ಇಳಿಯುತ್ತಾ? ದುಡ್ಡು ಕೊಟ್ಟು ಪಿಂಗ್ ಬೂಸ್ಟರ್ ಆಪ್ ಹಾಕ್ಬಹುದಾ? (ಓದುಗರು, ತುಮಕೂರು)

ಉತ್ತರ: ಡಿಎನ್‌ಎಸ್ ಅಂದ್ರೆ ವಿಳಾಸ ಹುಡುಕಿ ಕೊಡೋದು, ಸರ್ವರ್‌ಗೆ ಸೇರಿದ ಮೇಲೆ ಅದರ ಕೆಲ್ಸ ಮುಗೀತು, ರೇಸ್ ಮಧ್ಯೆ ಅದರಿಂದ ಒಂದು ಮಿಲಿಸೆಕೆಂಡೂ ಇಳಿಯಲ್ಲ. ಬೂಸ್ಟರ್‌ಗಳು ಒಂಥರಾ ವಿಪಿಎನ್, ಅಂದ್ರೆ ನಿಮ್ಮ ಸುದ್ದಿನ ತಮ್ಮದೇ ದಾರಿಯಲ್ಲಿ ಕಳಿಸೋದು, ನಿಮ್ಮ ಕಂಪನಿ ಸುತ್ತುದಾರಿಯಲ್ಲಿ ಕಳಿಸ್ತಿದ್ರೆ ಮಾತ್ರ ಉಪಯೋಗ. ಫ್ರೀ ಟ್ರಯಲ್ ಇರೋದಾದ್ರೆ ಹಾಕಿ ನೋಡಿ, ಇಳಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ತೆಗೀರಿ.

ಪ್ರಶ್ನೆ: ಆರೇಳು ಕಾರು ಇದ್ರೆ ಏನೂ ತೊಂದ್ರೆ ಇಲ್ಲ ಮಾರಾಯ್ರೆ, 24 ಕಾರು ಇರುವ ಸರ್ವರ್‌ನಲ್ಲಿ ಸ್ಟಾರ್ಟ್ ಆಗುವಾಗ ಸ್ಕ್ರೀನೇ ಹಿಡಿದು ಹಿಡಿದು ಹೋಗ್ತದೆ, ಮೊದಲ ತಿರುವಿನಲ್ಲೇ ಯಾರಿಗಾದ್ರೂ ಗುದ್ದಿ ಹೊರಗೆ ಹೋಗ್ತೇನೆ. ಪಿಂಗ್ 30ರ ಒಳಗೇ ಉಂಟು. ಇದು ಕೂಡ ನೆಟ್‌ನದ್ದೇ ಸಮಸ್ಯೆಯಾ? (ಓದುಗರು, ಮಂಗಳೂರು)

ಉತ್ತರ: ಅಲ್ಲ, ಇದು ಕಂಪ್ಯೂಟರ್‌ದು. ಆದ್ರೆ ಇದರಿಂದಾನೂ ನೀವು ಬೇರೆಯವರಿಗೆ ಲ್ಯಾಗ್ ಆಗ್ತೀರಿ, ಯಾಕಂದ್ರೆ ಪ್ರೊಸೆಸರ್ ಉಸಿರು ಕಟ್ಟಿ ಫಿಸಿಕ್ಸ್ ಲೆಕ್ಕ ಹಿಂದೆ ಬಿದ್ರೆ ನಿಮ್ಮ ಕಾರಿನ ಸುದ್ದಿನೂ ತಡವಾಗೇ ಹೊರಡುತ್ತೆ. ಅಸೆಟ್ಟೊ ಕೊರ್ಸಾದಲ್ಲಿ ಸಿಪಿಯು ಆಕ್ಯುಪೆನ್ಸಿ 99 ಪರ್ಸೆಂಟ್ ಅಂತ ಎಚ್ಚರಿಕೆ ಬರ್ತಿದ್ರೆ ಇದೇ ಅಂತ ತಿಳ್ಕೊಳ್ಳಿ.

ಮೊದ್ಲು ಕೈ ಹಾಕ್ಬೇಕಿರೋದು ಕನ್ನಡಿಗೆ. ಗ್ರಿಡ್‌ನ ಮುಂದಿನ ಸಾಲಲ್ಲಿ ನಿಂತವರಿಗೆ ಹಿಂದಿನ ಇಪ್ಪತ್ತು ಕಾರೂ ಕಂಪ್ಯೂಟರ್ ಕನ್ನಡಿಯಲ್ಲಿ ಇನ್ನೊಂದು ಸಲ ಚಿತ್ರಿಸ್ಬೇಕಾಗುತ್ತೆ, ಅದಕ್ಕೆ ಮಿರರ್ ರೆಸೊಲ್ಯೂಷನ್ ಇಳಿಸಿ, ಹೈ ಕ್ವಾಲಿಟಿ ಮಿರರ್ ತೆಗೀರಿ. ಆಮೇಲೆ ಕಾರಿನ ಮೈ ಮೇಲೆ ಕಾಣೋ ಪ್ರತಿಬಿಂಬ, ನೆರಳು, ಹೊಗೆ. ಆದ್ರೆ ಕನ್ನಡಿ ಪೂರ್ತಿ ಆಫ್ ಮಾಡ್ಬೇಡಿ, ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದೇ ರೇಸ್ ಮಾಡೋದು ಉಳಿದವರಿಗೆ ಅನ್ಯಾಯ. ನೀವು ಅದೇ ಕಂಪನಿಯ ಇನ್ನೊಂದು ಗೇಮ್ ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಆಡೋರಾದ್ರೆ ಅದರಲ್ಲಿ ಎಷ್ಟು ಎದುರಾಳಿ ಕಾರು ಕಾಣ್ಬೇಕು ಅಂತ ಕಮ್ಮಿ ಮಾಡೋ ಆಪ್ಷನ್ನೇ ಇದೆ. ಫ್ರೇಮ್ ರೇಟ್‌ನ, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತೆ ಅನ್ನೋದನ್ನ, ಯಾವಾಗ್ಲೂ ಸಿಗೋ ಅಂಕಿಗೆ ಕಟ್ಟಿಹಾಕಿ, ಖಾಲಿ ರಸ್ತೇಲಿ 110 ಬಂದು ಸ್ಟಾರ್ಟ್‌ನಲ್ಲಿ 40 ಆಗೋದಕ್ಕಿಂತ ಎಲ್ಲಾ ಕಡೆ 60 ಇರೋದು ಕೈಗೂ ಕಣ್ಣಿಗೂ ಒಳ್ಳೇದು.

ಪರೀಕ್ಷೆ ಆನ್‌ಲೈನ್ ಹೋಗಿ ಮಾಡ್ಬೇಡಿ. ಮನೇಲೇ ಕಂಪ್ಯೂಟರ್ ಓಡಿಸೋ 23 ಕಾರು ಹಾಕಿ, ಒಂದ್ಸಲ ಮೊದಲ ಜಾಗದಿಂದ, ಒಂದ್ಸಲ ಕೊನೇ ಜಾಗದಿಂದ ಸ್ಟಾರ್ಟ್ ಮಾಡಿ ನೋಡಿ. ಅಲ್ಲಿ ಆ 23 ಕಾರಿನ ಲೆಕ್ಕಾನೂ ನಿಮ್ಮ ಪ್ರೊಸೆಸರೇ ಮಾಡ್ಬೇಕು, ಆನ್‌ಲೈನ್‌ನಲ್ಲಿ ಅವರವರ ಲೆಕ್ಕ ಅವರವರ ಮನೇಲಿ ಆಗುತ್ತೆ, ಹಾಗಾಗಿ ಇಲ್ಲಿ ಪಾಸಾದ ಸೆಟ್ಟಿಂಗ್ ಅಲ್ಲಿ ಪಾಸಾಗೇ ಆಗುತ್ತೆ ಅಂತ ಧೈರ್ಯವಾಗಿರಬಹುದು.

ಪ್ರಶ್ನೆ: ಅಣ್ಣಾ, ಒಂದು ಜಗಳ ಬಗೆಹರಿಸಿ. ನನ್ನ ಫ್ರೆಂಡ್ ಹೇಳ್ತಾನೆ ನಾನು ಹಿಂದಿನಿಂದ ಗುದ್ದಿದೆ ಅಂತ, ನನ್ನ ರೀಪ್ಲೇನಲ್ಲಿ ನಾನು ಮುಟ್ಟೇ ಇಲ್ಲ. ಅವನು ರೀಪ್ಲೇ ಎಡಿಟ್ ಮಾಡಿದ್ದಾನಾ? ಎರಡು ವಾರದಿಂದ ಮಾತಾಡ್ತಿಲ್ಲ. (ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಇಬ್ಬರೂ ನಿಜಾನೇ ಹೇಳ್ತಿದ್ದೀರಿ ತಮ್ಮಾ, ಈ ಪತ್ರ ಓದಿದ ಇವತ್ತೇ ಅವನಿಗೆ ಫೋನ್ ಮಾಡು. ಇದೇ ನನಗೂ ನನ್ನ ಹಳೇ ಗೆಳೆಯನಿಗೂ ಆಗಿತ್ತು, ಗೇಮಿನ ಮೊಂಜಾ ಟ್ರ್ಯಾಕಲ್ಲಿ. ಮೇನ್ ಸ್ಟ್ರೇಟ್ ಮುಗಿದ ತಕ್ಷಣ ಬರೋ ಮೊದಲ ಶಿಕೇನ್ ಗೊತ್ತಲ್ಲ, ಬಲಕ್ಕೆ ತಿರುಗಿ ತಕ್ಷಣ ಎಡಕ್ಕೆ, 250ರ ಮೇಲಿದ್ದ ವೇಗ ಎರಡನೇ ಗೇರಿಗೆ ಇಳೀಬೇಕು. ಅವನು ಮುಂದೆ, ನಾನು ಹಿಂದೆ, ಇಬ್ಬರೂ ಬ್ರೇಕ್ ಹಾಕಿದ್ವಿ, ನನ್ನ ಸ್ಕ್ರೀನಲ್ಲಿ ನಡುವೆ ಒಂದು ಮೊಳ ಜಾಗ ಇತ್ತು, ಅವನ ಕಾರು ಇದ್ದಕ್ಕಿದ್ದ ಹಾಗೆ ಗಿರಕಿ ಹೊಡೆದು ಹೋಯ್ತು, ಅವನೇ ಬ್ರೇಕ್ ಜಾಸ್ತಿ ಒತ್ತಿದ್ದಾನೆ ಅಂದ್ಕೊಂಡೆ. ಆಮೇಲೆ ಅವನ ರೀಪ್ಲೇ ತರಿಸಿ ಎರಡೂ ಪಕ್ಕ ಪಕ್ಕ ಇಟ್ಟು ಒಂದೊಂದೇ ಫ್ರೇಮ್ ಓಡಿಸಿ ನೋಡಿದೆ. ಅವನ ರೀಪ್ಲೇನಲ್ಲಿ ನನ್ನ ಕಾರು ಬ್ರೇಕೇ ಹಾಕದ ಹಾಗೆ ಬಂದು ಅವನ ಹಿಂದಿನ ಬಂಪರ್ ಎಡಮೂಲೆಗೆ ತಾಗಿ, ಮರುಕ್ಷಣ ಹಿಂದಕ್ಕೆ ಎಳೆದ ಹಾಗೆ ಹೋಗುತ್ತೆ.

ಯಾಕೆ ಗೊತ್ತಾ, ನಾನು ಬ್ರೇಕ್ ಹಾಕಿದ ಸುದ್ದಿ ಅವನಿಗೆ ತಲುಪೋವರೆಗೆ ಅವನ ಗೇಮು ನನ್ನ ಕಾರನ್ನ ಹಳೇ ವೇಗದಲ್ಲೇ ಓಡಿಸ್ತಿತ್ತು. ಲೆಕ್ಕ ಹಾಕಿ ನೋಡು, ಬ್ರೇಕ್‌ನಲ್ಲಿ ಕಾರು ಪ್ರತಿ ಸೆಕೆಂಡಿಗೂ ಗಂಟೆಗೆ 72 ಕಿಲೋಮೀಟರ್‌ನಷ್ಟು ವೇಗ ಕಳ್ಕೊಳ್ಳುತ್ತೆ ಅಂತ ಹಿಡಿದ್ರೆ, ಸುದ್ದಿ 100 ಮಿಲಿಸೆಕೆಂಡ್ ತಡ ಆದ್ರೆ ಊಹೆ ತಪ್ಪೋದು 10 ಸೆಂಟಿಮೀಟರ್ ಮಾತ್ರ. 300 ಮಿಲಿಸೆಕೆಂಡ್ ತಡ ಆದ್ರೆ 90 ಸೆಂಟಿಮೀಟರ್. ಅರ್ಧ ಸೆಕೆಂಡ್ ಆದ್ರೆ ಎರಡೂವರೆ ಮೀಟರ್. ತಡ ಮೂರು ಪಟ್ಟಾದ್ರೆ ತಪ್ಪು ಒಂಬತ್ತು ಪಟ್ಟು, ಅದಕ್ಕೇ ಸಮವಾಗಿರೋ 100ರ ಪಿಂಗ್‌ನವರ ಜೊತೆ ನಿಶ್ಚಿಂತೆಯಿಂದ ಪಕ್ಕ ಪಕ್ಕ ಓಡಿಸಬಹುದು, ಆಗಾಗ 300ಕ್ಕೆ ಜಿಗಿಯೋವ್ರ ಜೊತೆ ಆಗಲ್ಲ. ಆ ದಿನ ಜಿಗಿದಿದ್ದು ನನ್ನದು, ನಾನಾಗ ವೈಫೈನಲ್ಲಿದ್ದೆ. ಅವನಿಗೆ ಕ್ಷಮೆ ಕೇಳಿ ಅದೇ ವಾರ ಮನೆಗೆ ಕೇಬಲ್ ಎಳೆಸಿದೆ.

ಐರೇಸಿಂಗ್ ಅನ್ನೋ ಗೇಮಲ್ಲಿ ಜೋರಾಗಿ ಗುದ್ದಿದ್ರೆ ಇಬ್ಬರಿಗೂ ನಾಲ್ಕು ನಾಲ್ಕು ಇನ್ಸಿಡೆಂಟ್ ಪಾಯಿಂಟ್ (ದಂಡದ ಅಂಕ) ಬೀಳುತ್ತೆ, ತಪ್ಪು ಯಾರದ್ದು ಅಂತ ಸಿಸ್ಟಮ್ ನೋಡಲ್ಲ. ಬಹಳ ಜನಕ್ಕೆ ಇದು ಅನ್ಯಾಯ ಅನ್ಸುತ್ತೆ, ನನಗೆ ಸರಿ ಅನ್ಸುತ್ತೆ, ಯಾಕಂದ್ರೆ ಎರಡು ಸ್ಕ್ರೀನಲ್ಲಿ ಎರಡು ಥರ ಕಂಡಾಗ ಯಾವುದನ್ನ ನಂಬೋದು, ಮೊದಲೇ ಜಾಗ ಬಿಟ್ಟು ಓಡಿಸೋ ಅಭ್ಯಾಸ ಆಗ್ಲಿ ಅಂತ ಇಬ್ಬರಿಗೂ ಹಾಕೋದು. ಮೊದಲ ಲ್ಯಾಪ್‌ನ ಮೊದಲ ಬ್ರೇಕ್‌ಗೆ ನಿನ್ನ ಮಾಮೂಲಿ ಗುರುತಿಗಿಂತ ಹತ್ತು ಹದಿನೈದು ಮೀಟರ್ ಮುಂಚೆನೇ ಒತ್ತು, ಹಿಂದಿನಿಂದ ಹೋಗ್ವಾಗ ನೇರ ಬಾಲಕ್ಕೆ ಅಂಟ್ಕೊಳ್ಳೋ ಬದಲು ಅರ್ಧ ಕಾರು ಪಕ್ಕಕ್ಕೆ ಇಟ್ಕೋ, ಆಗ ಊಹೆ ತಪ್ಪಿದ್ರೂ ತಾಗಲ್ಲ.

ಪ್ರಶ್ನೆ: ನಾವು ಹತ್ತು ಹದಿನಾರು ಜನ ಗೆಳೆಯರು ವಾರಕ್ಕೊಂದು ರೇಸ್ ಮಾಡ್ತೀವಿ, ನಮ್ಮದೇ ಸರ್ವರ್ ನನ್ನ ಕಂಪ್ಯೂಟರಲ್ಲೇ ಇಡೋಣ ಅಂತ. ಪೋರ್ಟ್ ಓಪನ್ ಮಾಡಿದೀನಿ, ಆದ್ರೂ ಯಾರಿಗೂ ಸೇರೋಕೆ ಆಗ್ತಿಲ್ಲ. ಕೆಲವರಿಗೆ ಚೆಕ್‌ಸಮ್ ಅಂತ ಏನೋ ಬಂದು ಹೊರಗೆ ಹಾಕುತ್ತೆ. (ಓದುಗರು, ಮೈಸೂರು)

ಉತ್ತರ: ಮೊದಲನೇದು ನೋಡೋಣ. ರೂಟರ್ ಪೇಜಲ್ಲಿ ವ್ಯಾನ್ ಐಪಿ (ರೂಟರ್‌ನ ಹೊರಗಿನ ವಿಳಾಸ) ಅಂತ ಇರೋ ನಂಬರ್ ನೋಡಿ, ಆಮೇಲೆ ಬ್ರೌಸರಲ್ಲಿ ನನ್ನ ಐಪಿ ಏನು ಅಂತ ಹುಡುಕಿದಾಗ ಬರೋ ನಂಬರ್ ನೋಡಿ. ಎರಡೂ ಬೇರೆ ಇದ್ರೆ, ಅದರಲ್ಲೂ ರೂಟರ್‌ದು 100.64ರಿಂದ 100.127ರ ಒಳಗೆ ಶುರುವಾಗಿದ್ರೆ, ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಅಂದ್ರೆ ಒಂದೇ ಹೊರಗಿನ ವಿಳಾಸನ ಕಂಪನಿ ಬಹಳ ಮನೆಗಳಿಗೆ ಹಂಚಿದೆ, ನೀವು ನಿಮ್ಮ ಮನೆ ಬಾಗಿಲು ತೆಗೆದಿದ್ದೀರಿ, ಅಪಾರ್ಟ್‌ಮೆಂಟಿನ ಗೇಟಿಗೆ ಬೀಗ ಹಾಗೇ ಇದೆ. ಕಂಪನಿಗೆ ಕೇಳಿ ಸ್ಟ್ಯಾಟಿಕ್ ಐಪಿ (ನಿಮಗೊಬ್ಬರಿಗೇ ಸೇರಿದ, ಬದಲಾಗದ ವಿಳಾಸ) ತಗೊಳ್ಳಿ, ಅಥವಾ ಮುಂಬೈನಲ್ಲಿ ಸಣ್ಣ ವಿಪಿಎಸ್ (ಯಾವಾಗ್ಲೂ ಆನ್ ಇರೋ ಕಂಪನಿಯೊಂದರ ಸರ್ವರ್) ಬಾಡಿಗೆಗೆ ಹಿಡೀರಿ. ನನ್ನ ಮಾತು ಕೇಳೋದಾದ್ರೆ ಎರಡನೇದೇ ಒಳ್ಳೇದು. ನಿಮ್ಮ ಮನೇಲಿ ಕರೆಂಟ್ ಹೋದ್ರೆ 16 ಜನರ ಸಂಜೆ ಹಾಳಾಗಬಾರದು, ನೀವೂ ಓಡಿಸ್ತಾ ಅದೇ ಕಂಪ್ಯೂಟರಲ್ಲಿ ಸರ್ವರ್ರೂ ಓಡ್ತಿದ್ರೆ ಎರಡೂ ಕುಂಟುತ್ತೆ.

ಪೋರ್ಟ್ ಅಂದ್ರೆ ಹೊರಗಿನವರು ಒಳಗೆ ಬರೋ ಬಾಗಿಲ ನಂಬರ್, ಮಾಮೂಲಿ 9600, ಟಿಸಿಪಿ ಮತ್ತು ಯುಡಿಪಿ ಅನ್ನೋ ಎರಡೂ ಥರದ ಸಂಪರ್ಕಕ್ಕೆ ತೆಗೀಬೇಕು, ಲಿಸ್ಟ್‌ನಲ್ಲಿ ಕಾಣೋಕೆ ಎಚ್‌ಟಿಟಿಪಿಗೆ 8081. ಟಿಸಿಪಿ ಒಂದೇ ತೆಗೆದು ಬಿಟ್ಟವರನ್ನ ಬಹಳ ನೋಡಿದ್ದೀನಿ. ಸುದ್ದಿ ಸೆಕೆಂಡಿಗೆ ಎಷ್ಟು ಸಲ ಅನ್ನೋದು ಸರ್ವರ್ ಸೆಟ್ಟಿಂಗಲ್ಲಿ ಬದಲಾಯಿಸಬಹುದು, ಜಾಸ್ತಿ ಇಟ್ಟಷ್ಟೂ ನಯ, ಆದ್ರೆ ಭಾರ. 16 ಜನರಲ್ಲಿ ಒಬ್ಬೊಬ್ಬರ ಸುದ್ದಿ ಉಳಿದ 15 ಜನಕ್ಕೆ, ಸೆಕೆಂಡಿಗೆ 18 ಸಲ, ಗುಣಿಸಿದ್ರೆ 4,320. ಒಂದೊಂದು 100 ಬೈಟ್ ಅಂತ ಹಿಡಿದ್ರೆ ಹೆಚ್ಚುಕಮ್ಮಿ ಮೂರೂವರೆ ಎಂಬಿಪಿಎಸ್ ಅಪ್‌ಲೋಡ್. 30ಕ್ಕೆ ಏರಿಸಿದ್ರೆ ಅದು ಆರರ ಹತ್ತಿರ ಹೋಗುತ್ತೆ. ವಿಪಿಎಸ್‌ಗೆ ಇದೇನೂ ದೊಡ್ಡದಲ್ಲ, 25, 30 ಇಟ್ಕೊಳ್ಳಿ. ನಿಮ್ಮಲ್ಲೇ ಯಾರದ್ದಾದ್ರೂ ಲೈನು ಬಡಕಲಾಗಿದ್ರೆ 18ರಲ್ಲೇ ಬಿಡಿ.

ಚೆಕ್‌ಸಮ್ ಅಂದ್ರೆ ನಿಮ್ಮ ಹತ್ರ ಇರೋ ಕಾರು, ಟ್ರ್ಯಾಕಿನ ಫೈಲು ಸರ್ವರ್‌ನಲ್ಲಿರೋ ಫೈಲಿಗೆ ಅಕ್ಷರ ಅಕ್ಷರ ಹೊಂದುತ್ತಾ ಅಂತ ನೋಡೋದು. ನಮ್ಮವರಿಗೆ ಬುದ್ಧ ಸರ್ಕ್ಯೂಟ್ ಅಂದ್ರೆ ಪ್ರೀತಿ, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಜಾಗ, ಕೊಯಮತ್ತೂರಿನ ಕಾರಿ ಟ್ರ್ಯಾಕ್ ಕೇಳೋರೂ ಇದ್ದಾರೆ, ಇವೆಲ್ಲಾ ಗೇಮ್ ಜೊತೆ ಬರಲ್ಲ, ಮಾಡ್ (ಆಟಗಾರರೇ ಮಾಡಿ ಹಂಚೋ ಫೈಲು) ಹಾಕ್ಬೇಕು, ಒಬ್ಬೊಬ್ಬರು ಒಂದೊಂದು ಕಡೆಯಿಂದ ಒಂದೊಂದು ವರ್ಷನ್ ಇಳಿಸ್ಕೊಂಡಿರ್ತಾರೆ. ಒಬ್ಬರು ಜವಾಬ್ದಾರಿ ತಗೊಂಡು ಒಂದೇ ಜಿಪ್ ಫೈಲ್ ಎಲ್ಲರಿಗೂ ಕಳ್ಸಿ, ಹಳೇ ಫೋಲ್ಡರ್ ಪೂರ್ತಿ ಅಳಿಸಿ ಹೊಸದು ಹಾಕೋಕೆ ಹೇಳಿ, ಹಳೇದರ ಮೇಲೆ ಹಾಕಿದ್ರೆ ಚೂರುಪಾರು ಉಳ್ಕೊಂಡು ಮತ್ತೆ ಅದೇ ತೊಂದರೆ.

ಪ್ರಶ್ನೆ: ಹಳ್ಳೀಲಿ ಫೈಬರ್ ಇಲ್ಲ, ಫೋನ್ ಹಾಟ್‌ಸ್ಪಾಟ್‌ನಲ್ಲಿ ರೇಸ್ ಮಾಡ್ಬಹುದಾ? (ಓದುಗರು, ಶಿರಸಿ ಹತ್ತಿರ)

ಉತ್ತರ: ಮಾಡಬಹುದು. ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲ್ ಹಾಕಿ ಫೋನಿನ ನೆಟ್‌ನ ಕಂಪ್ಯೂಟರಿಗೆ ಕೊಡಿ, ಇದಕ್ಕೆ ಟೆಥರಿಂಗ್ ಅಂತಾರೆ, ವೈಫೈನ ಒಂದು ಗೊಂದಲ ಅಲ್ಲೇ ಕಮ್ಮಿ ಆಯ್ತು. ಫೋನನ್ನ ಟವರ್ ಕಡೆ ಕಿಟಕಿ ಹತ್ರ ಇಡಿ, ಉದ್ದ ಕೇಬಲ್ ಬೇಕಾಗುತ್ತೆ. ಸಂಜೆಗಿಂತ ಬೆಳಿಗ್ಗೆ ಆಡಿ. ಒಂದು ಮನವಿ, ಪಿಂಗ್ ಜಿಗೀತಿದೆ ಅಂತ ನಿಮಗೇ ಗೊತ್ತಿದ್ರೆ ಮೊದಲೇ ಚಾಟಲ್ಲಿ ಹೇಳಿ ಕೊನೇ ಸಾಲಿಂದ ಶುರು ಮಾಡಿ, ಯಾರೂ ಬೇಡ ಅನ್ನಲ್ಲ, ಜಾಗ ಬಿಟ್ಟು ಓಡಿಸ್ತಾರೆ.

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೀನಿ, ಫ್ರಾಂಕ್‌ಫರ್ಟ್ ಹತ್ರ ಕೆಲಸ. ತಮ್ಮ ಬೆಳಗಾವಿಯಲ್ಲಿ. ಚಿಕ್ಕವರಿದ್ದಾಗ ಒಂದೇ ಕೀಬೋರ್ಡಲ್ಲಿ ರೇಸ್ ಆಡ್ತಿದ್ವಿ, ಈಗ ಇಬ್ಬರಿಗೂ ವೀಲ್ ಇದೆ, ಆದ್ರೆ ಪಿಂಗ್ 150ರ ಮೇಲೆ, ಪಕ್ಕ ಪಕ್ಕ ಬಂದ್ರೆ ಸಾಕು ಇಬ್ಬರೂ ಹಾರಿ ಹೋಗ್ತೀವಿ. ಸರ್ವರ್ ದುಬೈನಲ್ಲಿ ತಗೊಂಡ್ರೆ ಅರ್ಧ ಅರ್ಧ ಆಗುತ್ತೆ ಅಲ್ವಾ? (ಕನ್ನಡಿಗರು, ಜರ್ಮನಿ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚನೆ ಮಾಡಿದೆ, ಏನಾದ್ರೂ ದಾರಿ ಇರ್ಲೇಬೇಕು ಅಂತ. ಮೊದಲು ಬೇಜಾರಿನ ವಿಷಯ ಹೇಳಿಬಿಡ್ತೀನಿ. ದುಬೈನಲ್ಲಿ ಇಟ್ರೆ ಸ್ಕ್ರೀನ್ ಮೇಲೆ ಇಬ್ಬರ ಪಿಂಗೂ ಕಮ್ಮಿ ಕಾಣುತ್ತೆ ನಿಜ, ಆದ್ರೆ ತಮ್ಮನ ಸುದ್ದಿ ಬೆಳಗಾವಿಯಿಂದ ದುಬೈಗೆ, ದುಬೈಯಿಂದ ನಿಮಗೆ, ಒಟ್ಟು ದೂರ ಅಷ್ಟೇ ಇರುತ್ತೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ, ನಮ್ಮ ಕಡೆಯಿಂದ ಫ್ರಾಂಕ್‌ಫರ್ಟ್‌ಗೆ ಗೆರೆ ಎಳೆದ ಹಾಗೆ ಹೋದ್ರೇ 7,000 ಕಿಲೋಮೀಟರ್ ಆಸುಪಾಸು, ಹೋಗಿ ಬರೋಕೆ 70 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ಲು ಸಮುದ್ರದಲ್ಲಿ ಸುತ್ತಿಕೊಂಡು ಹೋಗೋದ್ರಿಂದ ಅದು 150ರ ಆಚೀಚೆ ನಿಲ್ಲುತ್ತೆ. ಕೆಂಪು ಸಮುದ್ರದಲ್ಲಿ ಕೇಬಲ್ ಕಟ್ ಆದ್ರಂತೂ, 2024ರ ಫೆಬ್ರವರಿಯಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಆದ ಹಾಗೆ, ಬೇರೆ ದಾರಿ ಹಿಡಿದು ಇನ್ನೂ ಜಾಸ್ತಿ ಆಗುತ್ತೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ, 2023ರ ಜನವರಿಯ ವರ್ಚುವಲ್ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಫಾರ್ಮುಲಾ ಒನ್ ಡ್ರೈವರ್ ಮ್ಯಾಕ್ಸ್ ವರ್ಸ್ಟಾಪನ್ ಮುಂದಿದ್ದಾಗಲೇ ಸರ್ವರ್‌ನಿಂದ ಕಡಿದು ಹೋಗಿ ರೇಸೇ ಬಿಡ್ಬೇಕಾಯ್ತು.

ಈಗ ದಾರಿ. ಇಬ್ಬರೂ ಒಬ್ಬರಿಗೊಬ್ಬರು ಎದುರಾಳಿ ಆಗೋ ಬದಲು ಒಂದೇ ಕಾರು ಓಡಿಸಿ. ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆಯಲ್ಲಿ ಡ್ರೈವರ್ ಸ್ವಾಪ್ ಇದೆ, ಸರ್ವರ್‌ನ ಎಂಟ್ರಿ ಲಿಸ್ಟಲ್ಲಿ ಒಂದೇ ಕಾರಿಗೆ ಇಬ್ಬರ ಸ್ಟೀಮ್ ಐಡಿ (ಗೇಮ್ ಅಕೌಂಟ್ ನಂಬರ್) ಹಾಕಿದ್ರೆ ಪಿಟ್‌ನಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತಬಹುದು. ಒಂದು ಹೊತ್ತಿಗೆ ಒಬ್ಬರೇ ಟ್ರ್ಯಾಕ್ ಮೇಲಿರೋದ್ರಿಂದ ನೀವಿಬ್ಬರೂ ಗುದ್ದೋ ಪ್ರಶ್ನೆನೇ ಇಲ್ಲ. ಇನ್ನೊಬ್ಬರು ಫೋನಲ್ಲಿ ಇಂಧನ ಎಷ್ಟಿದೆ, ಹಿಂದಿನವನು ಎಷ್ಟು ಸೆಕೆಂಡ್ ದೂರ ಇದ್ದಾನೆ, ಮಳೆ ಬರುತ್ತಾ ಅಂತ ಹೇಳ್ತಾ ಕೂರಬಹುದು. ಉಳಿದ ತಂಡಗಳವರು ಯಾವ ಕಡೆ ಜಾಸ್ತಿ ಇದ್ದಾರೋ ಸರ್ವರ್ ಆ ಕಡೆ ಇರ್ಲಿ, ದೂರದಿಂದ ಸೇರೋವ್ರು ಪಿಂಗ್ ಸಮ ಇದೆಯಾ ಅಂತ ಮೊದಲ ಉತ್ತರದಲ್ಲಿ ಹೇಳಿದ ಹಾಗೆ ನೋಡ್ಕೊಂಡ್ರೆ 150ರಲ್ಲೂ ಯಾರಿಗೂ ತೊಂದರೆ ಆಗಲ್ಲ.

ನಿಮಗೂ ತಮ್ಮನಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ. ಭಾನುವಾರ ನಿಮ್ಮ ಮಧ್ಯಾಹ್ನ ಎರಡಕ್ಕೆ ಎರಡು ಗಂಟೆಯ ರೇಸ್ ಇಟ್ಕೊಳ್ಳಿ, ಅಲ್ಲಿ ಸಂಜೆ ಆಗಿರುತ್ತೆ. ಮೊದಲ ಗಂಟೆ ತಮ್ಮನಿಗೆ ಕೊಡಿ, ಬೆಳಗಾವಿಯಲ್ಲಿ ರಾತ್ರಿ ಎಂಟರ ಟ್ರಾಫಿಕ್ ಶುರುವಾಗೋದ್ರೊಳಗೆ ಅವನದು ಮುಗಿದಿರುತ್ತೆ, ಆಮೇಲೆ ಪಿಟ್‌ಗೆ ಬಂದು ಕಾರು ನಿಮ್ಮ ಕೈಗೆ.